ಕ್ರೈಸ್ತ ವಿಶ್ವಾಸ ಮತ್ತು ಒಳಗಿನ ಶಾಂತಿ: ಸಾಕ್ಷಿಗಳು ಹೇಳುವುದೇನು?

ಪಂಡಿತಾ ರಮಾಬಾಯಿಯವರು ಕ್ರೈಸ್ತ ದೀಕ್ಷಾಸ್ನಾನ ಪಡೆದದ್ದು 1883ರ ಸೆಪ್ಟೆಂಬರಿನಲ್ಲಿ, ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನಲ್ಲಿ. ಆದರೆ ಮನಸ್ಸು ನೆಲೆಗೊಂಡದ್ದು ಅದಾದ ಎಂಟು ವರ್ಷಗಳ ಮೇಲೆ ಎಂದು ಅವರೇ ತಮ್ಮ ಆತ್ಮಸಾಕ್ಷ್ಯದಲ್ಲಿ ಬರೆದುಕೊಂಡಿದ್ದಾರೆ. ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂಬುದು ಆ ವರ್ಷಗಳ ಬಗ್ಗೆ ಅವರು ಕೊಟ್ಟ ವಿವರಣೆ.

ಈ ಎಂಟು ವರ್ಷಗಳ ಅಂತರ ನನಗೆ ಬಹಳ ಮುಖ್ಯವೆನಿಸುತ್ತದೆ. ಕ್ರೈಸ್ತ ವಿಶ್ವಾಸದಿಂದ ಮನಶ್ಶಾಂತಿ ಸಿಗುತ್ತದೆಯೇ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. ನಂಬಿದ ಕ್ಷಣವೇ ಸಿಗುತ್ತದೆ ಎನ್ನುತ್ತಾರೆ ಪ್ರಾರ್ಥನಾ ಕೂಟದ ವೇದಿಕೆಯ ಮೇಲಿರುವವರು. ಅದೆಲ್ಲ ಮನುಷ್ಯ ತನಗೆ ತಾನೇ ಹೇಳಿಕೊಳ್ಳುವ ಸಮಾಧಾನ ಎನ್ನುತ್ತಾರೆ ಹೊರಗೆ ನಿಂತವರು. ಆ ದಾರಿಯಲ್ಲಿ ನಿಜವಾಗಿ ನಡೆದವರು ಎರಡು ಸಾವಿರ ವರ್ಷಗಳಿಂದ ಬರೆದಿಟ್ಟದ್ದನ್ನು ಓದುತ್ತ ಹೋದರೆ ಎರಡು ಉತ್ತರಗಳೂ ನಿಲ್ಲುವುದಿಲ್ಲ. ಶಾಂತಿ ಸಿಕ್ಕಿತು ಎಂದವರು ಬಹಳ ಮಂದಿ. ಅದು ಸುಲಭವಾಗಿ ಸಿಕ್ಕಿತು, ಒಮ್ಮೆ ಸಿಕ್ಕಿದ್ದು ಕದಲದೆ ಉಳಿಯಿತು ಎಂದವರು ತೀರಾ ಕಡಿಮೆ.

ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತುಂಗಾ, ಭದ್ರಾ, ನೇತ್ರಾವತಿಗಳ ಉಗಮಸ್ಥಾನವಾದ ಆ ಜಾಗ ಈಗ ಕರ್ನಾಟಕದಲ್ಲಿದೆ. ತಂದೆ ಅನಂತಶಾಸ್ತ್ರಿ ಡೋಂಗ್ರೆ, ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಸಂಪ್ರದಾಯಸ್ಥರ ವಿರೋಧ ಕಟ್ಟಿಕೊಂಡವರು. ಊರೂರು ಅಲೆದು ಪುರಾಣ ಹೇಳಿ ಬದುಕುತ್ತಿದ್ದ ಆ ಕುಟುಂಬವನ್ನು ಬರಗಾಲ ನುಂಗಿತು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದಿದ್ದ ಅಣ್ಣ 1880ರಲ್ಲಿ ಹೋದ. ಅದೇ ವರ್ಷ ಜಾತಿ ಮೀರಿ ಬಂಗಾಳದ ವಕೀಲರೊಬ್ಬರನ್ನು ಮದುವೆಯಾದರೆ, ಎರಡು ವರ್ಷ ತುಂಬುವ ಮೊದಲೇ ಕಾಲರಾ ಅವರನ್ನೂ ಕೊಂಡೊಯ್ಯಿತು. ಕೈಯಲ್ಲಿ ಉಳಿದದ್ದು ಮನೋರಮಾ ಎಂಬ ಹಸುಗೂಸು.

ಇಂಗ್ಲೆಂಡಿನಲ್ಲಿ ಅವರನ್ನು ಸೆಳೆದದ್ದು ತರ್ಕವಲ್ಲ. ಸಮಾಜ ಹೊರಹಾಕಿದ ಹೆಂಗಸರನ್ನು ಸನ್ಯಾಸಿನಿಯರು ಕರೆದುಕೊಂಡು ಬಂದು ಆರೈಕೆ ಮಾಡುವುದನ್ನು ಅವರು ಫುಲ್‌ಹ್ಯಾಮ್‌ನಲ್ಲಿ ಕಣ್ಣಾರೆ ಕಂಡರು. ಹೀಗೇಕೆ ಮಾಡುತ್ತೀರಿ ಎಂದು ಕೇಳಿದಾಗ ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸಿನೊಡನೆ ಮಾತಾಡಿದ ಪ್ರಸಂಗವನ್ನು ಓದಿ ಹೇಳಿದರು. ದೀಕ್ಷಾಸ್ನಾನವಾಯಿತು. ಅಲ್ಲಿಂದ ಅಮೆರಿಕ, 1887ರಲ್ಲಿ ಮೇಲ್ಜಾತಿಯ ಹಿಂದೂ ಹೆಣ್ಣಿನ ಬಾಳಿನ ಬಗ್ಗೆ ಹೆಸರಾದ ಪುಸ್ತಕ, 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ. ಇಷ್ಟೆಲ್ಲ ಮಾಡುತ್ತಿದ್ದಾಗಲೂ ತಾನು ದೇವರ ಮುಂದೆ ಇನ್ನೂ ಏನನ್ನೋ ಸಂಪಾದಿಸಬೇಕಾಗಿದೆ ಎಂಬ ಚಡಪಡಿಕೆ ಹೋಗಿರಲಿಲ್ಲ. 1891ರ ಹೊತ್ತಿಗೆ ವಿಲಿಯಂ ಹ್ಯಾಸ್ಲಮ್ ಎಂಬ ಆಂಗ್ಲಿಕನ್ ಗುರುವಿನ ಆತ್ಮಕಥೆ ಅವರ ಕೈಗೆ ಬಂತು. ಈ ಹ್ಯಾಸ್ಲಮ್ ತಾನೇ ಮಾಡುತ್ತಿದ್ದ ಪ್ರಸಂಗದ ನಡುವೆ ಮನಪರಿವರ್ತನೆಯಾದ ಮನುಷ್ಯ. ವರ್ಷಗಳಿಂದ ಬೋಧಿಸುತ್ತಿದ್ದುದನ್ನು ಆವತ್ತು ತಾನೇ ಮೊದಲ ಸಲ ಕೇಳಿಸಿಕೊಂಡ. ಓದುತ್ತ ಓದುತ್ತ ರಮಾಬಾಯಿಯವರಿಗೆ ತಮ್ಮ ಸ್ಥಿತಿಯೂ ಅದೇ ಎಂದು ಹೊಳೆಯಿತು. ಕ್ಷಮೆ ಕೂಲಿಯಲ್ಲ, ದುಡಿದು ಪಡೆಯುವಂಥದ್ದಲ್ಲ, ಆಗಲೇ ಕೊಟ್ಟಾಗಿದೆ ಎಂಬ ಅರಿವಿನಲ್ಲಿ ಅವರ ಮನಸ್ಸು ತಂಗಿತು.

ಆಮೇಲೆ ಅವರೇನು ಮಾಡಿದರು ಎನ್ನುವುದನ್ನೂ ನೋಡಬೇಕು. ಧ್ಯಾನಕ್ಕೆಂದು ಬೆಟ್ಟ ಹತ್ತಲಿಲ್ಲ. 1896–97ರ ಕ್ಷಾಮದಲ್ಲಿ ಮಧ್ಯಪ್ರಾಂತ್ಯಕ್ಕೆ ಹೋಗಿ ಅನಾಥ ಹೆಣ್ಣುಮಕ್ಕಳನ್ನು ನೂರಾರು ಸಂಖ್ಯೆಯಲ್ಲಿ ಕರೆತಂದರು. ಪುಣೆಯ ಹತ್ತಿರದ ಕೇಡಗಾಂವದಲ್ಲಿ ಮುಕ್ತಿ ಸದನ ಕಟ್ಟಿದರು. ಮಗಳು ಮನೋರಮಾ ಜೊತೆಗೆ ನಿಂತು, 1912ರಲ್ಲಿ ಕಲಬುರಗಿಯಲ್ಲೂ ಶಾಲೆ ತೆರೆಯಲು ನೆರವಾದರು. ಆ ಮಗಳು 1921ರಲ್ಲಿ ತಾಯಿಗಿಂತ ಮೊದಲೇ ಹೋದರು. ಬೈಬಲನ್ನು ಮರಾಠಿಗೆ ತರುವ ಕೆಲಸವನ್ನು ಹಿಡಿದು ಕೂತಿದ್ದ ರಮಾಬಾಯಿ 1922ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಶಾಂತಿ ಸಿಕ್ಕಿದ ಮೇಲಿನ ಮೂವತ್ತು ವರ್ಷ ಅದಕ್ಕೆ ಮುಂಚಿನದ್ದಕ್ಕಿಂತ ಹಗುರವಾಗಿರಲಿಲ್ಲ.

ಇದು ಒಬ್ಬರ ಕತೆ ಮಾತ್ರವೇ ಎಂದರೆ, ಮೂಲಗ್ರಂಥವೇ ಅಲ್ಲವೆನ್ನುತ್ತದೆ. ಯೇಸು ಶಿಷ್ಯರಿಗೆ ತನ್ನ ಶಾಂತಿಯನ್ನು ಬಿಟ್ಟುಹೋಗುತ್ತೇನೆ ಎಂದದ್ದು ಬಂಧನವಾಗುವ ರಾತ್ರಿ. ಅದೇ ರಾತ್ರಿ ಕೆಲವು ಗಂಟೆಗಳ ನಂತರ ಗೆತ್ಸೇಮನೆ ತೋಟದಲ್ಲಿ ಆತ ನೆಲಕ್ಕೆ ಬಿದ್ದು, ಸಾಧ್ಯವಾದರೆ ಇದು ತಪ್ಪಲಿ ಎಂದು ಬೇಡಿಕೊಂಡ. ಶಾಂತಿಯ ವಾಗ್ದಾನವೂ ಸಾವಿನ ಭಯವೂ ಒಬ್ಬನೇ ಮನುಷ್ಯನಲ್ಲಿ, ಒಂದೇ ಇರುಳಿನಲ್ಲಿ ಇದ್ದವು. ಸುವಾರ್ತೆ ಬರೆದವರು ಅದನ್ನು ಮುಚ್ಚಿಡಲಿಲ್ಲ. ಚಿಂತೆ ಮಾಡಬೇಡಿ ಎಂದು ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರವನ್ನು ಬೇಡಿ ಹಾಕಿಸಿಕೊಂಡ ಕೈಗಳಿಂದಲೇ ಕಳಿಸಿದ. ಇದ್ದುದರಲ್ಲಿ ತೃಪ್ತನಾಗಿರುವುದನ್ನು ತಾನು ಕಲಿತೆ ಎಂದೂ ಅದರಲ್ಲಿ ಹೇಳಿದ್ದಾನೆ. ಕಲಿಯಬೇಕಾದರೆ ಕಾಲ ಬೇಕು. ಇನ್ನು 150 ಕೀರ್ತನೆಗಳಲ್ಲಿ ಅಳಲಿನವೇ ಹೆಚ್ಚು. 88ನೆಯದಂತೂ ಒಂದು ಸಾಲಿನ ಭರವಸೆಯೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ಪವಿತ್ರಗ್ರಂಥದಿಂದ ಯಾರೂ ತೆಗೆಯಲಿಲ್ಲ.

ಪರ್ವತ ಪ್ರಸಂಗದಲ್ಲಿ ಇನ್ನೊಂದು ಕಟ್ಟುನಿಟ್ಟಾದ ಮಾತಿದೆ. ಕಾಣಿಕೆ ಅರ್ಪಿಸಲು ಬಂದವನಿಗೆ, ತನ್ನ ಮೇಲೆ ಸಹೋದರನಿಗೆ ಮನಸ್ತಾಪವಿದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನೊಡನೆ ರಾಜಿಯಾಗಬೇಕು. ಬಲಿಪೂಜೆಯಲ್ಲಿ, ಪ್ರಭುಭೋಜನದ ಆರಾಧನೆಯಲ್ಲಿ, ಪಕ್ಕದವರಿಗೆ ಶಾಂತಿ ಕೋರುವ ಪದ್ಧತಿ ಬಂದದ್ದು ಈ ತಿಳಿವಳಿಕೆಯಿಂದ. ನೆರೆಯವನೊಡನೆ ಜಗಳ ಉಳಿಸಿಕೊಂಡು ಒಳಗೆ ತಣ್ಣಗಿರುವ ಏರ್ಪಾಡನ್ನು ಈ ಧರ್ಮ ಒಪ್ಪುವುದಿಲ್ಲ.

ಶಾಂತಿಯನ್ನೇ ಹುಡುಕಿಕೊಂಡು ಮೊದಲು ಹೊರಟವರು ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳು. ನಾಲ್ಕನೆಯ ಶತಮಾನದಲ್ಲಿ ಅವರು ಸಾವಿರಗಟ್ಟಲೆ ಊರು ಬಿಟ್ಟು ಮರಳುಗಾಡಿಗೆ ಹೋದರು. ಅಲ್ಲಿ ಅವರಿಗೆ ಮೊದಲು ಸಿಕ್ಕಿದ್ದು ತಮ್ಮದೇ ತಲೆಯ ಗದ್ದಲ. ಇದನ್ನು ಅತ್ಯಂತ ಸೂಕ್ಷ್ಮವಾಗಿ ಬರೆದವನು 399ರಲ್ಲಿ ತೀರಿಕೊಂಡ ಇವಾಗ್ರಿಯಸ್. ಕಾನ್‌ಸ್ಟಾಂಟಿನೋಪಲ್‌ನಲ್ಲಿ ದೊಡ್ಡ ಹೆಸರು ಮಾಡುತ್ತಿದ್ದವನು, ಅದನ್ನು ಬಿಟ್ಟು ಕೆಲ್ಲಿಯಾ ಎಂಬಲ್ಲಿ ಒಂದು ಕೋಣೆಯಲ್ಲಿ ಕೂತ. ಮನಸ್ಸನ್ನು ಕದಡುವ ಎಂಟು ಬಗೆಯ ಯೋಚನೆಗಳನ್ನು ಗುರುತಿಸಿದ. ಹೊಟ್ಟೆಬಾಕತನ, ಕಾಮ, ದುರಾಸೆ, ದುಃಖ, ಸಿಟ್ಟು, ಬೇಸರ, ಹೊಗಳಿಕೆಯ ಆಸೆ, ಗರ್ವ. ಮುಂದೆ ಏಳು ಮಹಾಪಾಪಗಳೆಂದು ಹೆಸರಾದ ಪಟ್ಟಿಗೆ ಬೇರು ಇದೇ. ನಡುಮಧ್ಯಾಹ್ನದ ಬೇಸರದ ಬಗ್ಗೆ ಅವನು ಕೊಟ್ಟ ವಿವರಣೆಯನ್ನು ಇವತ್ತು ಕಚೇರಿಯಲ್ಲಿ ಕೂತ ಯಾರಿಗೆ ಓದಿ ಹೇಳಿದರೂ ತಮ್ಮದೇ ಎಂದಾರು. ಸೂರ್ಯ ಕದಲುತ್ತಿಲ್ಲ ಅನಿಸುತ್ತದೆ, ಸನ್ಯಾಸಿ ಮತ್ತೆ ಮತ್ತೆ ಕಿಟಕಿಯ ಕಡೆ ನೋಡುತ್ತಾನೆ, ಯಾರಾದರೂ ಬಂದಾರೆಯೇ ಎಂದು ಕಾಯುತ್ತಾನೆ, ಈ ಜಾಗವೇ ಸರಿಯಿಲ್ಲ, ಬೇರೆ ಕಡೆ ಹೋಗಿದ್ದರೆ ಚೆನ್ನಾಗಿರುತ್ತಿತ್ತು ಎಂದುಕೊಳ್ಳುತ್ತಾನೆ.

ಇವಾಗ್ರಿಯಸ್ ಇದಕ್ಕೆ ಸೂಚಿಸಿದ ಔಷಧಿ ಸರಳ: ಕೋಣೆ ಬಿಟ್ಟು ಹೋಗಬೇಡ, ಕೈಗೆ ಕೆಲಸ ಕೊಡು, ಪ್ರಾರ್ಥನೆ ನಿಲ್ಲಿಸಬೇಡ. ಶಾಂತವಾಗಿಬಿಡು ಎಂದು ಮನಸ್ಸಿಗೆ ಆಜ್ಞೆ ಮಾಡು ಎಂದು ಅವನು ಹೇಳಲಿಲ್ಲ. ಯೋಚನೆ ಬರುತ್ತದೆಯೋ ಇಲ್ಲವೋ ಎನ್ನುವುದು ನಮ್ಮ ಕೈಯಲ್ಲಿಲ್ಲ, ಅದಕ್ಕೆ ಒಳಗೆ ಮಣೆ ಹಾಕಿ ಕೂರಿಸುವುದು ಮಾತ್ರ ನಮ್ಮ ಕೈಯಲ್ಲಿದೆ ಎಂಬ ಅವನ ವಿವೇಚನೆ ಹದಿನಾರು ಶತಮಾನಗಳ ನಂತರವೂ ಹಳತಾಗಿಲ್ಲ. ಆರನೆಯ ಶತಮಾನದಲ್ಲಿ ಬೆನೆಡಿಕ್ಟ್ ಈ ಮರುಭೂಮಿಯ ಅನುಭವವನ್ನು ಪ್ರಾರ್ಥನೆ, ದುಡಿಮೆ, ಓದು ಹಂಚಿಕೊಂಡ ಒಂದು ದಿನಚರಿಯಾಗಿ ಮಾಡಿದ. ಬೆಂಗಳೂರಿನ ಮೈಸೂರು ರಸ್ತೆಯ ಆಶೀರ್ವನಂ ಮಠದಲ್ಲಿ ಆ ದಿನಚರಿ ಇಂದಿಗೂ ನಡೆಯುತ್ತಿದೆ. ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ, ಮುಖ್ಯವಾಗಿ ಗ್ರೀಸಿನ ಆಥೋಸ್ ಪರ್ವತದ ಮಠಗಳಲ್ಲಿ, ಯೇಸುವಿನ ಹೆಸರನ್ನು ಉಸಿರಿನೊಂದಿಗೆ ಜಪಿಸುವ ದಾರಿ ಬೆಳೆಯಿತು. ನಾಮಸ್ಮರಣೆಯನ್ನು ಬಲ್ಲ ಕನ್ನಡದ ಓದುಗರಿಗೆ ಇದು ಹತ್ತಿರದ್ದಾಗಿ ಕಾಣುತ್ತದೆ. ಆದರೆ ಆ ಜಪದಲ್ಲಿ ಹೆಸರಿನ ಜೊತೆಗೆ ಪಾಪಿಯಾದ ನನ್ನನ್ನು ಕರುಣಿಸು ಎಂಬ ಮೊರೆಯೂ ಇರುತ್ತದೆ. ಮೊರೆಯಿಲ್ಲದ ಶಾಂತಿ ಅವರಿಗೆ ಬೇಕಿರಲಿಲ್ಲ.

ಆಗಸ್ಟೀನನ ಕತೆ ಎಲ್ಲರಿಗೂ ಗೊತ್ತಿರುವುದೇ. 386ರಲ್ಲಿ ಮಿಲಾನಿನ ತೋಟದಲ್ಲಿ ಅತ್ತು, ಪೌಲನ ಪತ್ರ ತೆರೆದು ಓದಿ, ಮರುವರ್ಷ ಅಂಬ್ರೋಸನಿಂದ ದೀಕ್ಷಾಸ್ನಾನ ಪಡೆದ. ಜನ ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ಆದರೆ ಹತ್ತು ವರ್ಷ ಕಳೆದು, ಬಿಷಪ್ ಆದ ಮೇಲೆ ಬರೆದ ಅದೇ ಆತ್ಮನಿವೇದನೆಯ ಹತ್ತನೆಯ ಭಾಗದಲ್ಲಿ ತನ್ನ ಕನಸುಗಳು, ಊಟದ ಆಸೆ, ಹೊಗಳಿಕೆ ಕೇಳಿದಾಗ ಆಗುವ ಸುಖ ಎಲ್ಲವನ್ನೂ ಇನ್ನೂ ಗೆಲ್ಲದ ಸಂಗತಿಗಳೆಂದು ಬಿಚ್ಚಿಡುತ್ತಾನೆ. ಮುಂದೆ ಬರೆದ ದೇವನಗರಿಯ ಗ್ರಂಥದಲ್ಲಿ ಶಾಂತಿಯೆಂದರೆ ಪ್ರತಿಯೊಂದೂ ತನ್ನ ತನ್ನ ಸರಿಯಾದ ಜಾಗದಲ್ಲಿ ನಿಲ್ಲುವುದು ಎಂಬ ದೊಡ್ಡ ವಿಚಾರ ಮಂಡಿಸಿದ. ಪೂರ್ಣವಾಗಿ ಅದು ಈ ಲೋಕದಲ್ಲಿ ಆಗುವುದಿಲ್ಲ ಎಂದೂ ಸೇರಿಸಿದ. 430ರಲ್ಲಿ ಅವನು ಸಾಯುವಾಗ ವ್ಯಾಂಡಲರ ಸೈನ್ಯ ಅವನ ಊರಾದ ಹಿಪ್ಪೋವನ್ನು ಸುತ್ತುವರಿದಿತ್ತು.

ಹದಿನಾರನೆಯ ಶತಮಾನಕ್ಕೆ ಬಂದರೆ ಎದುರೆದುರು ನಿಂತ ಇಬ್ಬರು ಒಂದೇ ಕಾಯಿಲೆ ಅನುಭವಿಸಿದ್ದು ಕಾಣುತ್ತದೆ. ಮಾರ್ಟಿನ್ ಲೂಥರ್ 1505ರಲ್ಲಿ ಸಿಡಿಲಿಗೆ ಹೆದರಿ ಸನ್ಯಾಸಿಯಾಗುವ ಹರಕೆ ಹೊತ್ತ. ಮಠದಲ್ಲಿ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ಎದ್ದು ಬಂದರೆ, ಹೇಳದೆ ಉಳಿದ ಪಾಪವೊಂದು ನೆನಪಾಗಿ ಮತ್ತೆ ಓಡುತ್ತಿದ್ದ. ಇಗ್ನೇಷಿಯಸ್ ಲೊಯೋಲಾ 1521ರಲ್ಲಿ ಪಾಂಪ್ಲೋನಾದಲ್ಲಿ ಗುಂಡೇಟಿನಿಂದ ಕಾಲು ಮುರಿದುಕೊಂಡ ಸೈನಿಕ. ಗುಣವಾದ ಮೇಲೆ ಮನ್ರೇಸಾ ಎಂಬ ಊರಿನಲ್ಲಿ ತಪಸ್ಸಿಗೆ ಕೂತಾಗ ಹಳೆಯ ಪಾಪಗಳನ್ನು ಸರಿಯಾಗಿ ನಿವೇದಿಸಿದೆನೋ ಇಲ್ಲವೋ ಎಂಬ ಶಂಕೆ ಎಷ್ಟು ಕಾಡಿತೆಂದರೆ ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೆ ಹೋದ. ಧರ್ಮಶ್ರದ್ಧೆಯೇ ಶಾಂತಿಯನ್ನು ಕಸಿಯಬಲ್ಲದು ಎನ್ನುವುದಕ್ಕೆ ಇವರಿಬ್ಬರಿಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಬ್ಬರೂ ಹೊರಬಂದ ದಾರಿ ಬೇರೆ ಬೇರೆ. ಲೂಥರ್‌ಗೆ ರೋಮನರಿಗೆ ಬರೆದ ಪತ್ರದಲ್ಲಿ ಬಾಗಿಲು ತೆರೆಯಿತು. ದೇವರ ನೀತಿ ಮನುಷ್ಯನನ್ನು ಅಳೆಯುವ ಕೋಲಲ್ಲ, ಅವನಿಗೆ ಕೊಡುವ ದಾನ ಎಂದು ಕಂಡುಕೊಂಡ. ಇಗ್ನೇಷಿಯಸ್ ಮನಸ್ಸಿನ ಏರಿಳಿತಗಳನ್ನು ಓದುವ ವಿದ್ಯೆಯನ್ನೇ ಕಟ್ಟಿದ. ಯಾವ ಯೋಚನೆ ಎಲ್ಲಿಂದ ಬಂತು, ಎಲ್ಲಿಗೆ ಒಯ್ಯುತ್ತದೆ ಎಂದು ದಿನವೂ ಪರೀಕ್ಷಿಸುವ ಕ್ರಮ ಅದು. 1548ರಲ್ಲಿ ಅಚ್ಚಾದ ಅವನ ಆಧ್ಯಾತ್ಮಿಕ ಸಾಧನೆಯ ಕೈಪಿಡಿಯಲ್ಲಿ ಒಂದು ನಿಯಮವಿದೆ. ಮನಸ್ಸು ಕತ್ತಲಲ್ಲಿರುವಾಗ, ಬೆಳಕಿದ್ದಾಗ ಮಾಡಿದ ತೀರ್ಮಾನವನ್ನು ಬದಲಿಸಬಾರದು. ಇಡೀ ಕ್ರೈಸ್ತ ಸಾಹಿತ್ಯದಲ್ಲಿ ಇಷ್ಟು ಉಪಯುಕ್ತವಾದ ಬುದ್ಧಿವಾದ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ಮಂಗಳೂರಿನ ಫಾತಿಮಾ ರಿಟ್ರೀಟ್ ಹೌಸ್‌ನಂಥ ಜೆಸ್ವಿಟ್ ಧ್ಯಾನಕೇಂದ್ರಗಳ ಹಿಂದೆ ಇರುವುದು ಈ ಪರಂಪರೆ.

ಜಾನ್ ವೆಸ್ಲಿಯ ದಿನಚರಿಯನ್ನು ನಾನು ಇನ್ನೂ ಹೆಚ್ಚಿನ ಗೌರವದಿಂದ ಓದುತ್ತೇನೆ. 1736ರ ಜನವರಿಯಲ್ಲಿ ಅಮೆರಿಕಕ್ಕೆ ಹೋಗುವ ಹಡಗು ಬಿರುಗಾಳಿಗೆ ಸಿಕ್ಕಿತು. ಹಾಯಿ ಹರಿದು, ನೀರು ಒಳನುಗ್ಗಿ, ಇಂಗ್ಲಿಷರು ಚೀರಾಡುತ್ತಿದ್ದಾಗ ಅದೇ ಹಡಗಿನಲ್ಲಿದ್ದ ಜರ್ಮನಿಯ ಮೊರೇವಿಯನ್ ಕುಟುಂಬಗಳು ಹಾಡುತ್ತಲೇ ಇದ್ದವು. ನಿಮಗೆ ಹೆದರಿಕೆಯಾಗಲಿಲ್ಲವೇ ಎಂದು ಕೇಳಿದ ವೆಸ್ಲಿಗೆ, ನಮ್ಮ ಹೆಂಗಸರು ಮಕ್ಕಳಿಗೂ ಸಾವಿನ ಹೆದರಿಕೆಯಿಲ್ಲ ಎಂಬ ಉತ್ತರ ಬಂತು. ಅವನು ಅಷ್ಟರಲ್ಲೇ ದೀಕ್ಷೆ ಪಡೆದ ಗುರು, ಆಕ್ಸ್‌ಫರ್ಡಿನ ಪಂಡಿತ. ಆ ಉತ್ತರ ಎರಡು ವರ್ಷ ಅವನನ್ನು ಬಿಡಲಿಲ್ಲ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಸಣ್ಣ ಕೂಟದಲ್ಲಿ ಯಾರೋ ಲೂಥರನ ಮುನ್ನುಡಿ ಓದುತ್ತಿದ್ದಾಗ ಎದೆ ಬೆಚ್ಚಗಾಯಿತು, ತನ್ನ ಪಾಪ ಕ್ಷಮಿಸಲ್ಪಟ್ಟಿತೆಂಬ ಭರವಸೆ ಹುಟ್ಟಿತು. ಮೆಥಡಿಸ್ಟ್ ಸಭೆಗಳು ಆ ದಿನವನ್ನು ಇಂದಿಗೂ ನೆನೆಯುತ್ತವೆ. ಅದಾದ ಏಳೆಂಟು ತಿಂಗಳಿಗೆ, 1739ರ ಜನವರಿಯಲ್ಲಿ, ತಾನಿನ್ನೂ ಕ್ರೈಸ್ತನೇ ಅಲ್ಲ ಎಂದು ಅವನೇ ಬರೆದುಕೊಂಡದ್ದನ್ನು ನೆನೆಯುವವರು ಕಡಿಮೆ. ಅದೇ ವಸಂತದಲ್ಲಿ ಬ್ರಿಸ್ಟಲ್ ಬಳಿ ಬಯಲಿನಲ್ಲಿ ನಿಂತು ಗಣಿ ಕಾರ್ಮಿಕರಿಗೆ ಬೋಧಿಸತೊಡಗಿದ. ಅವನ ಅನುಯಾಯಿಗಳೇ ಮುಂದೆ ಮೈಸೂರು ಸೀಮೆಗೆ ಬಂದು ಶಾಲೆ, ಆಸ್ಪತ್ರೆ, ವೆಸ್ಲಿಯನ್ ಮುದ್ರಣಾಲಯ ಕಟ್ಟಿದರು. ಭರವಸೆ ಏರಿದಾಗಲೂ ಇಳಿದಾಗಲೂ ಕೆಲಸ ಬಿಡಲಿಲ್ಲ ಎನ್ನುವುದೇ ವೆಸ್ಲಿಯ ಜೀವನದ ಹುರುಳು.

ಪಾಸ್ಕಲ್‌ನಂಥವರೂ ಇದ್ದಾರೆ. 1654ರ ನವೆಂಬರ್ 23ರ ರಾತ್ರಿ ಎರಡು ತಾಸು ಕಂಡದ್ದನ್ನು ಗಣಿತಜ್ಞನಾದ ಅವನು ಒಂದು ಚೀಟಿಯಲ್ಲಿ ಬರೆದು ಅಂಗಿಯ ಒಳಪದರದಲ್ಲಿ ಹೊಲಿದುಕೊಂಡ, ಯಾರಿಗೂ ಹೇಳಲಿಲ್ಲ. 1662ರಲ್ಲಿ ಸತ್ತ ಮೇಲೆ ಮನೆಯ ಆಳಿಗೆ ಅದು ಸಿಕ್ಕಿತು.

ಅದೇ ಶತಮಾನದ ಪ್ಯಾರಿಸ್ಸಿನಲ್ಲಿ ಇನ್ನೊಬ್ಬನಿದ್ದ, ಓದು ಬರಹ ಹೆಚ್ಚಿಲ್ಲದವನು. ಲೊರೇನ್ ಪ್ರಾಂತ್ಯದ ನಿಕೊಲಾ ಹರ್ಮನ್, ಯುದ್ಧದಲ್ಲಿ ಗಾಯಗೊಂಡು ಕುಂಟುತ್ತಿದ್ದ ಮಾಜಿ ಸಿಪಾಯಿ. ಕಾರ್ಮೆಲೈಟ್ ಮಠ ಸೇರಿ ಬ್ರದರ್ ಲಾರೆನ್ಸ್ ಆದ. ಅವನಿಗೆ ಕೊಟ್ಟದ್ದು ಅಡುಗೆಮನೆ, ಅವನಿಗೆ ಹಿಡಿಸದ ಕೆಲಸ. ಪಾತ್ರೆಗಳ ಸದ್ದಿನ ನಡುವೆಯೂ ದೇವರ ಸನ್ನಿಧಿಯಲ್ಲಿ ಇರುವುದನ್ನು ಕಲಿತ ಮನುಷ್ಯ ಎಂದು ಅವನು ಹೆಸರಾದ. ಆ ಹೆಸರಿನ ಹಿಂದಿನ ಹತ್ತು ವರ್ಷಗಳನ್ನು ಹೇಳದಿದ್ದರೆ ಅವನಿಗೆ ಅನ್ಯಾಯವಾಗುತ್ತದೆ. ತಾನು ನರಕಕ್ಕೇ ಹೋಗುವವನು ಎಂಬ ನಿಶ್ಚಯ ವರ್ಷಗಟ್ಟಲೆ ಅವನನ್ನು ಹಿಂಡಿತು, ಯಾರ ಮಾತೂ ಅದನ್ನು ಅಳಿಸಲಿಲ್ಲ. ಕೊನೆಗೆ ಅವನೊಂದು ತೀರ್ಮಾನಕ್ಕೆ ಬಂದ. ತನ್ನ ಗತಿ ಏನಾದರೂ ಆಗಲಿ, ಉಳಿದಷ್ಟು ದಿನ ದೇವರ ಮೇಲಿನ ಪ್ರೀತಿಗಾಗಿ ಮಾಡುವುದನ್ನು ಮಾಡುತ್ತೇನೆ. ಸಮಾಧಾನ ಬೇಕೆಂಬ ಬೇಡಿಕೆಯನ್ನೇ ಕೈಬಿಟ್ಟ. ಅದು ಬಂದದ್ದು ಆಮೇಲೆ.

ಈ ಸಮೀಕ್ಷೆಯಲ್ಲಿ ನಾನು ಕಂಡುಕೊಂಡ ಮುಖ್ಯ ಸಂಗತಿ ಲಾರೆನ್ಸನ ಈ ತೀರ್ಮಾನದಲ್ಲಿದೆ. ಶಾಂತಿಯನ್ನು ಒಂದು ಭಾವನೆಯೆಂದು ಬೆನ್ನಟ್ಟಿದವರಿಗೆ ಅದು ದಕ್ಕಿದ್ದು ಕಡಿಮೆ. ತಾನು ಕ್ಷಮಿಸಲ್ಪಟ್ಟಿದ್ದೇನೆ ಎಂಬ ಮಾತಿಗೆ ಒಪ್ಪಿಸಿಕೊಂಡು, ಮನಸ್ಸು ಹೇಗಿದ್ದರೂ ಎದುರಿಗಿದ್ದ ಕೆಲಸ ಮತ್ತು ಎದುರಿಗಿದ್ದ ಮನುಷ್ಯರ ಕಡೆ ತಿರುಗಿದವರಿಗೆ ಅದು ಬಂತು. ಕೆಲವರಿಗೆ ಭಾವನೆಯಾಗಿ ಬರಲೇ ಇಲ್ಲ.

ಮದರ್ ತೆರೇಸಾ ಆ ಕೆಲವರಲ್ಲಿ ಒಬ್ಬರು. 1946ರ ಸೆಪ್ಟೆಂಬರ್ 10ರಂದು ಡಾರ್ಜಿಲಿಂಗ್ ರೈಲಿನಲ್ಲಿ ಬಡವರ ನಡುವೆ ಹೋಗೆಂಬ ಕರೆ ಕೇಳಿದವರು. ಕೊಳೆಗೇರಿಯಲ್ಲಿ ಕೆಲಸ ಶುರುವಾದ ಮೇಲೆ ಪ್ರಾರ್ಥನೆಯ ಸವಿ ಆರಿಹೋಯಿತು, ದೇವರು ಇಲ್ಲವೇನೋ ಎನ್ನುವಂಥ ಬರಿದು ಆವರಿಸಿತು, 1958ರಲ್ಲಿ ಕೆಲವು ವಾರ ಬಿಟ್ಟರೆ ಸುಮಾರು ಐವತ್ತು ವರ್ಷ ಅದು ಹೋಗಲಿಲ್ಲ. 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ ಹಲವರು ಬೆಚ್ಚಿದರು, ಇಷ್ಟು ದಿನ ನಟಿಸಿದರೇ ಎಂದೂ ಕೇಳಿದರು. ಆ ಪತ್ರಗಳನ್ನು ನಿಧಾನವಾಗಿ ಓದಿದವರಿಗೆ ಹಾಗನಿಸುವುದಿಲ್ಲ. 1960ರ ದಶಕದ ಆರಂಭದಲ್ಲಿ ಜೋಸೆಫ್ ನಾಯ್ನರ್ ಎಂಬ ಜೆಸ್ವಿಟ್ ಗುರುಗಳು, ಈ ಕತ್ತಲೆ ನಿಮ್ಮ ತಪ್ಪಿನ ಶಿಕ್ಷೆಯಲ್ಲ, ಕೈಬಿಟ್ಟವರ ಜೊತೆ ಇರುವ ನಿಮ್ಮ ಕೆಲಸದ್ದೇ ಒಂದು ಭಾಗ ಎಂದು ವಿವರಿಸಿದ ಮೇಲೆ ಅವರು ಆ ಕತ್ತಲೆಯನ್ನೇ ಒಪ್ಪಿಕೊಂಡರು. ಕತ್ತಲೆ ಹೋಗಲಿಲ್ಲ, ಅದರೊಡನೆಯ ಜಗಳ ನಿಂತಿತು. ಹದಿನಾರನೆಯ ಶತಮಾನದಲ್ಲಿ ಶಿಲುಬೆಯ ಯೋಹಾನ ಇದೇ ಸ್ಥಿತಿಗೆ ಆತ್ಮದ ಇರುಳು ಎಂದು ಹೆಸರಿಟ್ಟ. ಅವನು ತನ್ನ ಮಠದವರಿಂದಲೇ ಟೊಲೆಡೋದಲ್ಲಿ 1577ರಿಂದ ಸುಮಾರು ಒಂಬತ್ತು ತಿಂಗಳು ಸೆರೆಯಲ್ಲಿದ್ದವನು. ಲಿಸ್ಯೂವಿನ ತೆರೇಸಾ 24ನೇ ವಯಸ್ಸಿನಲ್ಲಿ, 1897ರಲ್ಲಿ, ಕ್ಷಯದಿಂದ ಸಾಯುವಾಗ ಒಂದೂವರೆ ವರ್ಷದಿಂದ ಅದೇ ಇರುಳಲ್ಲಿದ್ದಳು.

ಡೀಟ್ರಿಕ್ ಬಾನ್‌ಹಾಫರ್ ಹಿಟ್ಲರನ ಸೆರೆಮನೆಯಲ್ಲಿ 1944ರಲ್ಲಿ ಬರೆದ ಒಂದು ಕವಿತೆ, ಕಾವಲುಗಾರರು ಕಾಣುವ ಶಾಂತ ಧೀರನೂ ಒಳಗೆ ನಡುಗುವವನೂ ಇಬ್ಬರಲ್ಲಿ ತಾನು ಯಾರೆಂದು ಕೇಳುತ್ತದೆ. ಆ ಪ್ರಶ್ನೆಯನ್ನು ಅವನು ತಾನೇ ಬಿಡಿಸುವುದಿಲ್ಲ, ಯಾರೇ ಆಗಿರಲಿ ದೇವರಿಗೆ ಸೇರಿದವನು ಎಂದು ದೇವರ ಕೈಗೇ ಬಿಡುತ್ತಾನೆ. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬುರ್ಗ್‌ನಲ್ಲಿ ಅವನನ್ನು ಗಲ್ಲಿಗೇರಿಸಿದರು.

ಇಷ್ಟು ಹೇಳಿದ ಮೇಲೆ ಒಂದು ಗಂಭೀರವಾದ ಆಕ್ಷೇಪವನ್ನು ಎದುರಿಸಲೇಬೇಕು. ಒಳಗಿನ ಶಾಂತಿಯ ಮಾತು ತುಳಿತಕ್ಕೊಳಗಾದವರ ಬಾಯಿ ಮುಚ್ಚಿಸುವ ಉಪಾಯವಲ್ಲವೇ? ಮಾರ್ಕ್ಸ್ ಧರ್ಮವನ್ನು ಅಫೀಮು ಎಂದದ್ದು ಹಳೆಯ ಮಾತು. ನಮಗೆ ಹತ್ತಿರದ ಆಕ್ಷೇಪ ಚರ್ಚಿನ ಒಳಗಿನಿಂದಲೇ ಬಂತು. ಅರವಿಂದ ನಿರ್ಮಲ್ 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮಾಡಿದ ಭಾಷಣದಿಂದ ದಲಿತ ದೇವತಾಶಾಸ್ತ್ರ ಎಂಬ ಚಿಂತನೆ ಬೆಳೆಯಿತು. ಭಾರತದ ಕ್ರೈಸ್ತರಲ್ಲಿ ಬಹುಪಾಲು ದಲಿತರಾಗಿರುವಾಗ ಅವರ ನೋವಿನ ಬಗ್ಗೆ ಮಾತಾಡದ ದೇವತಾಶಾಸ್ತ್ರ ಯಾರದು ಎಂದು ಆ ಚಿಂತನೆ ಕೇಳಿತು. ಚರ್ಚಿನಲ್ಲೇ ಬೇರೆ ಸಾಲಿನಲ್ಲಿ ಕೂರಿಸಿಕೊಂಡವನಿಗೆ, ಸ್ಮಶಾನದಲ್ಲೂ ಬೇರೆ ಜಾಗ ತೋರಿಸಿಕೊಂಡವನಿಗೆ, ಮನಸ್ಸಿನಲ್ಲಿ ಶಾಂತಿಯಿರಲಿ ಎಂದು ಬೋಧಿಸುವುದು ಪಾಪ. ಈ ಆಕ್ಷೇಪ ನ್ಯಾಯವಾದದ್ದು, ಅದನ್ನು ತಪ್ಪಿಸಿಕೊಂಡು ಹೋಗುವ ಶಾಂತಿ ಬೋಧೆಗೆ ಬೆಲೆಯಿಲ್ಲ.

ಆದರೆ ಶಾಂತಿಯೂ ಹೋರಾಟವೂ ಕೂಡಿ ನಡೆದದ್ದಕ್ಕೆ ಸಾಕ್ಷಿಯಿದೆ. 1956ರ ಜನವರಿ 27ರ ರಾತ್ರಿ ಮಾಂಟ್ಗಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಗೆ ಒಂದು ಫೋನ್ ಕರೆ ಬಂತು, ಊರು ಬಿಡದಿದ್ದರೆ ಕೊಲ್ಲುತ್ತೇವೆ ಎಂದು. ಬಸ್ ಬಹಿಷ್ಕಾರ ಶುರುವಾಗಿ ಎರಡು ತಿಂಗಳಾಗಿತ್ತು. ಹೆಂಡತಿ, ಎಳೆಯ ಮಗು ಒಳಗೆ ಮಲಗಿದ್ದರು. 27 ವರ್ಷದ ಕಿಂಗ್ ಅಡುಗೆಮನೆಯಲ್ಲಿ ಕಾಫಿ ಇಟ್ಟುಕೊಂಡು ಕೂತು, ಮರ್ಯಾದೆ ಕಳೆದುಕೊಳ್ಳದೆ ಇದರಿಂದ ಹೊರಬರುವುದು ಹೇಗೆ ಎಂದು ಯೋಚಿಸಿದರು. ಕೊನೆಗೆ ತನಗೆ ಭಯವಾಗಿದೆ, ಶಕ್ತಿ ಮುಗಿದಿದೆ ಎಂದು ಗಟ್ಟಿಯಾಗಿ ಪ್ರಾರ್ಥಿಸಿದರು. ನ್ಯಾಯಕ್ಕಾಗಿ ನಿಲ್ಲು, ನಾನು ಜೊತೆಗಿರುತ್ತೇನೆ ಎಂಬ ಧ್ವನಿ ಒಳಗೆ ಕೇಳಿತು, ಭಯ ಇಳಿಯಿತು ಎಂದು ಅವರು ಬರೆದಿದ್ದಾರೆ. ಮೂರು ದಿನ ಕಳೆದು ಮನೆಯ ಮೇಲೆ ಬಾಂಬ್ ಬಿತ್ತು. ಸಿಟ್ಟಿನಿಂದ ಆಯುಧ ಹಿಡಿದು ಸೇರಿದ್ದ ಜನರನ್ನು ಅದೇ ಒಡೆದ ಜಗಲಿಯ ಮೇಲೆ ನಿಂತು ಅವರು ಮನೆಗೆ ಕಳಿಸಿದರು, ಬಹಿಷ್ಕಾರವನ್ನು ಮಾತ್ರ ಬಿಡಲಿಲ್ಲ. ಅಂದು ಅಡುಗೆಮನೆಯಲ್ಲಿ ಸಿಕ್ಕಿದ ಶಾಂತಿ ಯಾರ ಬಾಯನ್ನೂ ಮುಚ್ಚಿಸಲಿಲ್ಲ.

ನಮ್ಮ ನಾಡಿನಲ್ಲಿ ಜನ ಶಾಂತಿಗಾಗಿ ಹೋಗುವ ಜಾಗಗಳು ಹಲವು. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದ ಸೆಪ್ಟೆಂಬರ್ ಹಬ್ಬ, ವಿವೇಕನಗರದ ಬಾಲಯೇಸುವಿನ ದೇವಾಲಯ, ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಜಾತ್ರೆ. ಎಲ್ಲ ಧರ್ಮದವರೂ ಅಲ್ಲಿ ಮೇಣದ ಬತ್ತಿ ಹಚ್ಚುತ್ತಾರೆ. ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ತಪ್ಪಲಿನ ಅಂಜಲಿ ಆಶ್ರಮವನ್ನು ಅಮಲೋರ್ಪವದಾಸರು ಕಟ್ಟಿದ್ದು, ಕ್ರೈಸ್ತ ಪ್ರಾರ್ಥನೆ ಈ ನೆಲದ ಮೌನದಲ್ಲೂ ನಡೆಯಲಿ ಎಂದು. ಇವುಗಳ ಜೊತೆಗೇ ದೊಡ್ಡ ಧ್ವನಿವರ್ಧಕಗಳ, ಬಿಡುಗಡೆಯ ಭರವಸೆಯ ಕೂಟಗಳೂ ಬೆಳೆದಿವೆ. ಅಲ್ಲಿ ಹೋಗಿ ಕುಡಿತ ಬಿಟ್ಟವರಿದ್ದಾರೆ, ಒಡೆದ ಮನೆಗಳು ಕೂಡಿದ್ದಿದೆ, ಅದನ್ನು ಹಗುರವಾಗಿ ಕಾಣಬಾರದು. ನನ್ನ ತಕರಾರು ಅಲ್ಲಿ ಸಾಕ್ಷಿ ಹೇಳುವ ಕ್ರಮದ ಬಗ್ಗೆ. ಗೆದ್ದವರನ್ನು ಮಾತ್ರ ವೇದಿಕೆಗೆ ಕರೆಯುತ್ತಾರೆ. ಕೆಳಗೆ ಕೂತವನು, ತನಗೆ ಹಾಗಾಗಲಿಲ್ಲವಲ್ಲ, ತನ್ನ ವಿಶ್ವಾಸದಲ್ಲೇ ಕೊರತೆಯಿರಬೇಕು ಎಂದುಕೊಂಡು ಬಂದದ್ದಕ್ಕಿಂತ ಭಾರವಾಗಿ ಮನೆಗೆ ಹೋಗುತ್ತಾನೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರ ಅಧ್ಯಯನಗಳು ಹೇಳುವುದೂ ಇದೇ. ಕಷ್ಟದಲ್ಲಿ ದೇವರು ತನ್ನ ಜೊತೆಗಿದ್ದಾನೆ ಎಂದು ನಂಬುವವರಿಗೆ ವಿಶ್ವಾಸ ಬಲ ಕೊಡುತ್ತದೆ. ದೇವರು ತನ್ನನ್ನು ಶಿಕ್ಷಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ ಎಂದು ನಂಬುವವರಿಗೆ ಅದೇ ವಿಶ್ವಾಸ ಹೆಚ್ಚಿನ ನರಳಾಟದೊಂದಿಗೆ ತಳುಕು ಹಾಕಿಕೊಂಡಿರುತ್ತದೆ. ಹಾಗಾಗಿ ಖಿನ್ನತೆಯಿಂದ ಬಳಲುವವನಿಗೆ ನಿನ್ನ ವಿಶ್ವಾಸ ಸಾಲದು ಎನ್ನುವುದು ಬೋಧನೆಯಲ್ಲ, ಗಾಯ. ಮಾತ್ರೆ ನಿಲ್ಲಿಸಿ ಪ್ರಾರ್ಥಿಸು ಎನ್ನುವುದು ಅಪಾಯ. ಕ್ರೈಸ್ತರು ಕಟ್ಟಿದ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ, ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗಗಳಿವೆ. ಗುಣಪಡಿಸುವ ಕೈ ವೈದ್ಯರದಾದರೂ ಅದನ್ನು ದೇವರ ಕೃಪೆಯೆಂದು ಕಾಣಲು ಕ್ರೈಸ್ತನಿಗೆ ಯಾವ ಅಡ್ಡಿಯೂ ಇಲ್ಲ.

ಆದ್ದರಿಂದ ಸಭಾಪಾಲಕರಿಗೂ ಗುರುಗಳಿಗೂ ನನ್ನದೊಂದು ವಿನಂತಿ. ಮುಂದಿನ ಯಾವುದಾದರೂ ಭಾನುವಾರ 88ನೇ ಕೀರ್ತನೆಯನ್ನು ಆರಾಧನೆಯಲ್ಲಿ ಪೂರ್ತಿಯಾಗಿ ಓದಿಸಿ, ಅದಕ್ಕೆ ಸಮಾಧಾನದ ಬಾಲ ಅಂಟಿಸದೆ ಹಾಗೇ ಬಿಡಿ. ಸಾಕ್ಷಿ ಹೇಳುವ ಹೊತ್ತಿನಲ್ಲಿ ಇನ್ನೂ ಶಾಂತಿ ಕಾಣದೆ ನಂಬಿಕೊಂಡಿರುವವರಿಗೂ ಮಾತಾಡಲು ಅವಕಾಶ ಕೊಡಿ. ಪ್ರಾರ್ಥನೆ ಕೇಳಿಕೊಂಡು ಬಂದವರ ಕಣ್ಣಲ್ಲಿ ಬದುಕು ಸಾಕೆಂಬ ದಣಿವು ಕಂಡರೆ, ಪ್ರಾರ್ಥಿಸಿದ ಮೇಲೆ ವೈದ್ಯರ ಬಳಿಗೆ ನೀವೇ ಜೊತೆಯಲ್ಲಿ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅದರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಚರ್ಚಿನ ಸೂಚನಾ ಫಲಕದಲ್ಲಿ ಆರಾಧನೆಯ ವೇಳೆಯ ಪಕ್ಕದಲ್ಲೇ ಆ ಸಂಖ್ಯೆಯನ್ನೂ ಬರೆಸಿ.